ರೇಲಿಂಗ್ ಬಿಟ್ಟು ಹಲಗೆಗೆ ಬಂದ ಮೋಟಾರು

ಬಾಗಲಕೋಟೆಯಲ್ಲಿ, ಆಲಮಟ್ಟಿ ಹಿನ್ನೀರಿನ ದಡದಲ್ಲಿ ನನ್ನದೊಂದು ಪುಟ್ಟ ಹಾಯಿದೋಣಿ ಇದೆ. ಗಾಳಿ ನಿಂತರೆ ದಡ ಸೇರಲು ಬೇಕಲ್ವಾ ಅಂತ, ಹಳೆಯ ಔಟ್‌ಬೋರ್ಡ್ ಮೋಟಾರನ್ನು (ದೋಣಿಯ ಹೊರಗೆ ಸಿಕ್ಕಿಸುವ ಎಂಜಿನ್ನು) ಹಿಂದಿನ ಸ್ಟೀಲ್ ರೇಲಿಂಗಿಗೆ ಬಿಗಿದಿದ್ದೆ. ಥ್ರಾಟಲ್ ಕೊಟ್ಟ ಕೂಡಲೇ ಪೈಪು ಬಿಲ್ಲಿನ ಹಾಗೆ ಬಾಗಿತು. ತಪ್ಪು ನನ್ನದೇ. ಆ ರೇಲಿಂಗು ಮೋಟಾರು ತೂಗುಹಾಕಿ ಇಡೋದಕ್ಕೆ ಸರಿ, ಓಡಿಸೋದಕ್ಕಲ್ಲ. ಪ್ರೊಪೆಲ್ಲರು ನೀರೊಳಗಿಂದ ನೂಕುತ್ತದೆ, ಹಿಡಿತ ಮಾತ್ರ ಎಲ್ಲೋ ಮೇಲಿರುತ್ತದೆ. ಪೂರಾ ಸನ್ನೆಗೋಲಿನ ಲೆಕ್ಕ.

ಬಡಿಗರ ಹತ್ತಿರ ಒಂದೂವರೆ ಇಂಚಿನ ಸಾಗುವಾನಿ ಹಲಗೆ ಮಾಡಿಸಿ, ದೋಣಿಯ ಹಿಂಗೋಡೆಗೇ ಕೂರಿಸಿದೆ. ಒಳಗಡೆ ಸ್ಟೀಲ್ ಪಟ್ಟಿ, ನಾಲ್ಕು ಬೋಲ್ಟ್. ತೂತುಗಳಿಗೆ ಸೀಲಂಟ್ ಹಚ್ಚೋದು ಮರೆತಿದ್ದೆ. ನೀರು ಜಿನುಗಿದ ಮೇಲೆ ಎಲ್ಲಾ ಬಿಚ್ಚಿ ಮತ್ತೆ ಹಾಕಿದೆ. ಪ್ರೊಪೆಲ್ಲರಿನ ಮೇಲಿನ ಅಗಲ ತಟ್ಟೆ ಈಗ ದೋಣಿಯ ತಳಕ್ಕಿಂತ ಒಂದಿಂಚು ಕೆಳಗಿದೆ, ಪ್ರೊಪೆಲ್ಲರು ಮೇಲಿನ ಗಾಳಿ ಹೀರುತ್ತಿಲ್ಲ. ಮೋಟಾರಿಗೊಂದು ಹಗ್ಗವನ್ನೂ ಕಟ್ಟಿದ್ದೇನೆ. ಸ್ಕ್ರೂ ಸಡಿಲಾದರೆ ಕೃಷ್ಣೆಯ ಪಾಲಾಗಬಾರದಲ್ಲ!