ಕರಾಳ ಫ್ಯಾಂಟಸಿ ಲೋಕಕ್ಕೆ ಕಾನೂನು ಕಟ್ಟುವುದು ಹೇಗೆ: ಬಂಧನದಿಂದ ಗಲ್ಲಿನವರೆಗೆ

ಪ್ರತಿಯೊಬ್ಬರೂ ಒಂದು ಪಾತ್ರವಾಗಿ ಬರೆದು ಆಡುವ ಆನ್‌ಲೈನ್ ರೋಲ್‌ಪ್ಲೇ ಲೋಕಗಳಲ್ಲಿ ಕಾನೂನು ಕೆಡುವುದು ಬಹುಪಾಲು ಒಂದೇ ರೀತಿಯಲ್ಲಿ. ಕಳ್ಳ ಸಿಕ್ಕಿಬೀಳುತ್ತಾನೆ, ಕಾವಲುಗಾರ ಅವನನ್ನು ಸೆರೆಮನೆಗೆ ತಳ್ಳಿ ಬಾಗಿಲು ಹಾಕುತ್ತಾನೆ, ಅಲ್ಲಿಗೆ ಇಬ್ಬರ ಆಟವೂ ಮುಗಿಯಿತು. ಕಳ್ಳನ ಪಾತ್ರ ಆಡುವವರು ನಾಲ್ಕು ದಿನ ಲಾಗಿನ್ ಆಗುವುದಿಲ್ಲ, ಐದನೆಯ ದಿನ ಹೊಸ ಪಾತ್ರ ಮಾಡಿಕೊಂಡು ಬರುತ್ತಾರೆ. ಕಾವಲುಗಾರನಿಗೆ ಖಾಲಿ ಬೀದಿ ಕಾಯುವ ಕೆಲಸ ಉಳಿಯುತ್ತದೆ. ಹಾಗಾಗಿ ಕಾನೂನು ಬರೆಯಲು ಕೂರುವ ಮೊದಲೇ ಒಂದು ಅಳತೆಗೋಲು ಇಟ್ಟುಕೊಳ್ಳಿ: ಶಿಕ್ಷೆಯ ನೋವು ಪಾತ್ರಕ್ಕೆ ತಟ್ಟಬೇಕು, ಆಡುವವರಿಗೆ ಅದರಿಂದ ಇನ್ನಷ್ಟು ದೃಶ್ಯಗಳು ಸಿಗಬೇಕು. ಯಾವ ದಂಡನೆ ಸೇರಿಸುವಾಗಲೂ ‘ಇದಾದ ಮೇಲೆ ಈ ಪಾತ್ರ ಯಾರ ಜೊತೆ ಏನು ಆಡುತ್ತದೆ?’ ಎಂದು ಕೇಳಿಕೊಳ್ಳಿ. ಉತ್ತರ ಹೊಳೆಯದಿದ್ದರೆ ಆ ದಂಡನೆಯನ್ನು ಬಿಟ್ಟುಬಿಡಿ.

ಎರಡು ಪುಸ್ತಕ ಇರಲಿ

ಸರ್ವರ್‌ನ (ಆಟ ನಡೆಯುವ ಆನ್‌ಲೈನ್ ತಾಣದ) ನಿಯಮ ಬೇರೆ, ಲೋಕದ ಕಾನೂನು ಬೇರೆ. ಒಬ್ಬ ಆಟಗಾರ ಇನ್ನೊಬ್ಬರನ್ನು ಬೈದರೆ ಅದನ್ನು ತಾಣದ ಮೇಲ್ವಿಚಾರಕರಾದ ಮಾಡರೇಟರ್‌ಗಳು ನೋಡಬೇಕು, ರಾಜನ ನ್ಯಾಯಸ್ಥಾನ ಅಲ್ಲ. ಒಂದು ಪಾತ್ರ ಇನ್ನೊಂದನ್ನು ಕೊಂದರೆ ಅದನ್ನು ನ್ಯಾಯಸ್ಥಾನ ನೋಡಬೇಕು, ಮಾಡರೇಟರ್‌ಗಳು ಬ್ಯಾನ್ ಮಾಡಬಾರದು. ಇವೆರಡನ್ನೂ ಬೇರೆ ಬೇರೆ ಪುಟಗಳಲ್ಲಿ ಬರೆದು, ಬೇರೆ ಬೇರೆ ಜನರ ಕೈಗೆ ಕೊಡಿ. ಆಟಗಾರನ ಮೇಲಿನ ಸಿಟ್ಟನ್ನು ಅವನ ಪಾತ್ರದ ಕುತ್ತಿಗೆಯ ಮೇಲೆ ತೀರಿಸಿಕೊಂಡ ದಿನ ಸರ್ವರ್‌ನಲ್ಲಿ ನಂಬಿಕೆ ಮುರಿಯುತ್ತದೆ. ಮುರಿದದ್ದು ಮತ್ತೆ ಕೂಡುವುದಿಲ್ಲ.

ಮಾಹಿತಿಗೂ ಇದೇ ಗೆರೆ ಎಳೆಯಿರಿ. ಚಾಟ್ ಲಾಗ್ ಮತ್ತು ಸ್ಕ್ರೀನ್‌ಶಾಟ್ ಸರ್ವರ್ ನಿಯಮ ಮುರಿದದ್ದನ್ನು ತೋರಿಸಲು ಮಾತ್ರ. ಲೋಕದೊಳಗಿನ ವಿಚಾರಣೆಯಲ್ಲಿ ಅವು ಸಾಕ್ಷ್ಯವಲ್ಲ. ಅಲ್ಲಿ ಪಾತ್ರವೊಂದು ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು, ಕೈಗೆ ಸಿಕ್ಕ ವಸ್ತು ಇಷ್ಟೇ ನಡೆಯಬೇಕು.

ಅಪರಾಧವನ್ನು ಗುರುತಿಸುವ ಕೆಲಸ ಯಂತ್ರದ್ದೋ ಮನುಷ್ಯರದ್ದೋ ಎಂಬುದನ್ನೂ ಇಲ್ಲೇ ತೀರ್ಮಾನಿಸಿ. 1997ರಲ್ಲಿ ಬಂದ ಅಲ್ಟಿಮಾ ಆನ್‌ಲೈನ್ ಎಂಬ ಆಟದಲ್ಲಿ ಐದು ಕೊಲೆಗಳ ಲೆಕ್ಕ ಬಿದ್ದರೆ, ಕೊಲೆಗಾರನೆಂಬ ಗುರುತಾಗಿ ಪಾತ್ರದ ಹೆಸರು ತಾನಾಗಿ ಕೆಂಪಾಗುತ್ತಿತ್ತು. ಆರ್ಕ್‌ಏಜ್ ಎಂಬ ಇನ್ನೊಂದು ಆಟ ಬೇರೆ ದಾರಿ ಹಿಡಿಯಿತು. ಕಳ್ಳತನವಾದಲ್ಲಿ ಹೆಜ್ಜೆಗುರುತು, ಕೊಲೆಯಾದಲ್ಲಿ ರಕ್ತದ ಕಲೆ ಉಳಿಯುತ್ತಿತ್ತು. ಅದನ್ನು ಇನ್ನೊಬ್ಬ ಆಟಗಾರ ಕಂಡು ವರದಿ ಮಾಡಿದರೆ ಮಾತ್ರ ಅಪರಾಧದ ಅಂಕ ಏರುತ್ತಿತ್ತು. ವಿಚಾರಣೆಗೆ ಐದು ಆಟಗಾರರ ಜ್ಯೂರಿ ಕೂರುತ್ತಿತ್ತು. ರೋಲ್‌ಪ್ಲೇಗೆ ಎರಡನೆಯದೇ ಹೊಂದುತ್ತದೆ. ಹೆಸರು ತಾನಾಗಿ ಕೆಂಪಾಗುವ ಕಡೆ ಲಂಚಕ್ಕೆ, ಸುಳ್ಳುಸಾಕ್ಷಿಗೆ, ಕಲೆ ಒರೆಸಿ ಓಡುವುದಕ್ಕೆ ಜಾಗವಿಲ್ಲ. ಕರಾಳ ಲೋಕದ ಜೀವಾಳವೇ ಅವು.

ಕಾನೂನನ್ನು ಬರೆಯುವ ಕ್ರಮ

ಹೊಸಬರು ಅಪರಾಧಗಳ ಪಟ್ಟಿಯಿಂದ ಶುರುಮಾಡುತ್ತಾರೆ. ಅಧಿಕಾರದಿಂದ ಶುರುಮಾಡಿ. ಯಾರು ಹಿಡಿಯಬಹುದು, ಯಾರು ವಿಚಾರಿಸಬಹುದು, ಯಾರು ಕ್ಷಮಿಸಬಹುದು, ಅವರ ಮಾತು ಯಾವ ಗಡಿಯವರೆಗೆ ನಡೆಯುತ್ತದೆ ಎಂದು ನಾಲ್ಕು ಸಾಲು ಬರೆಯಿರಿ. ಒಂದೇ ನಗರಕ್ಕೆ ಕನಿಷ್ಠ ಎರಡು ಅಧಿಕಾರಗಳು ಹಕ್ಕು ಸಾಧಿಸುವಂತೆ ಇಟ್ಟರೆ ಒಳ್ಳೆಯದು. ಅರಮನೆಯ ಕೊತ್ವಾಲನಿಗೆ ಒಂದು ಪಾಲು, ದೇಗುಲದ ವಿಚಾರಣಾಧಿಕಾರಿಗೆ ಇನ್ನೊಂದು. ಮಾಟಗಾತಿಯನ್ನು ಯಾರು ವಶಕ್ಕೆ ಪಡೆಯಬೇಕು ಎಂಬ ಜಗಳದಲ್ಲೇ ಒಂದು ವಾರದ ಆಟ ಹುಟ್ಟುತ್ತದೆ, ಆರೋಪಿಗೆ ತಪ್ಪಿಸಿಕೊಳ್ಳುವ ಸಂದೂ ಸಿಗುತ್ತದೆ.

ಆಮೇಲೆ ಅಪರಾಧಗಳು. ಹನ್ನೆರಡಕ್ಕಿಂತ ಹೆಚ್ಚು ಬೇಡ, ಒಂದು ಪುಟ ದಾಟಬಾರದು. ಮೂವತ್ತು ಕಲಂಗಳ ಕಾನೂನನ್ನು ಯಾರೂ ಓದುವುದಿಲ್ಲ. ಓದಿದ ಒಬ್ಬಿಬ್ಬರು ಅದನ್ನು ಬಡಿಗೆಯಂತೆ ಬೀಸುತ್ತಾರೆ. ಸಣ್ಣದು, ನಡುವಿನದು, ದೊಡ್ಡದು ಎಂದು ಮೂರು ದರ್ಜೆ ಮಾಡಿ, ಪ್ರತಿ ದರ್ಜೆಗೂ ಗರಿಷ್ಠ ಶಿಕ್ಷೆ ಯಾವುದೆಂದು ಮೊದಲೇ ಬರೆಯಿರಿ. ಕನಿಷ್ಠ ಶಿಕ್ಷೆ ಬರೆಯಬೇಡಿ, ಅದು ನ್ಯಾಯಾಧೀಶರ ಪಾತ್ರ ಆಡುವವರ ಕೈ ಕಟ್ಟುತ್ತದೆ.

ಮಾಟ ಮಂತ್ರ ಇರುವ ಲೋಕದಲ್ಲಿ ಕೆಲವು ಪ್ರಶ್ನೆಗಳಿಗೆ ಮೊದಲ ಮೊಕದ್ದಮೆಗಿಂತ ಮುಂಚೆಯೇ ಉತ್ತರ ಬೇಕು. ಎಬ್ಬಿಸಿದ ಹೆಣ ಮನುಷ್ಯನೋ, ಮಾಟಗಾರನ ಸೊತ್ತೋ? ಸತ್ತು ಎದ್ದುಬಂದವನಿಗೆ ಅವನ ಹಳೆಯ ಮನೆ ಸೇರುತ್ತದೆಯೋ, ಆಗಲೇ ವಾರಸುದಾರರ ಪಾಲಾಗಿದೆಯೋ? ವಶೀಕರಣಕ್ಕೆ ಒಳಗಾಗಿ ಕೊಂದವನು ಅಪರಾಧಿಯೋ? ವಶೀಕರಣದ ವಾದವನ್ನು ಆರೋಪಿಯೇ ಸಾಬೀತು ಮಾಡಬೇಕು ಎಂದಿಟ್ಟರೆ ಒಳ್ಳೆಯದು. ಇಲ್ಲದಿದ್ದರೆ ಪ್ರತಿ ಕೊಲೆಗಾರನೂ ಅದನ್ನೇ ಹೇಳುತ್ತಾನೆ.

ಎಲ್ಲಕ್ಕಿಂತ ಅಪಾಯಕಾರಿ ಸತ್ಯ ಹೇಳಿಸುವ ಮಂತ್ರ. ಅದಕ್ಕೆ ಲಗಾಮು ಹಾಕದಿದ್ದರೆ ವಿಚಾರಣೆ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಮೂರು ಮಿತಿ ಹಾಕಿ. ಮಂತ್ರ ಹೊರಡಿಸುವುದು ಹೇಳುವವನು ನಂಬಿದ್ದನ್ನು ಮಾತ್ರ, ನಡೆದದ್ದನ್ನಲ್ಲ. ಒಂದು ಸಲಕ್ಕೆ ಮೂರೇ ಪ್ರಶ್ನೆ. ಬೇರೆ ಸಾಕ್ಷ್ಯವಿಲ್ಲದೆ ಅದೊಂದರ ಮೇಲೆ ಶಿಕ್ಷೆ ಕೊಡುವಂತಿಲ್ಲ. ಸತ್ತವರನ್ನು ಮಾತಾಡಿಸುವ ವಿದ್ಯೆಗೂ ಇದನ್ನೇ ಅನ್ವಯಿಸಿ.

ಪುರಾವೆಯ ನಿಯಮವೇ ಲೋಕದ ಬಣ್ಣ

ನಿಮ್ಮ ಲೋಕ ಎಷ್ಟು ಕರಾಳ ಎಂಬುದನ್ನು ಗಲ್ಲುಗಂಬದ ಎತ್ತರ ತೀರ್ಮಾನಿಸುವುದಿಲ್ಲ, ಪುರಾವೆಯ ನಿಯಮ ತೀರ್ಮಾನಿಸುತ್ತದೆ. ಮಧ್ಯಯುಗದ ಯುರೋಪಿನ ರೋಮನ್-ಚರ್ಚ್ ನ್ಯಾಯಪದ್ಧತಿಯಲ್ಲಿ ಮರಣದಂಡನೆಗೆ ಇಬ್ಬರು ಪ್ರತ್ಯಕ್ಷಸಾಕ್ಷಿಗಳು ಬೇಕಿತ್ತು, ಇಲ್ಲವೇ ತಪ್ಪೊಪ್ಪಿಗೆ. ಕೇಳಲು ಇದು ಆರೋಪಿಯನ್ನು ಕಾಯುವ ನಿಯಮ. ಆದರೆ ಗುಟ್ಟಾಗಿ ನಡೆದ ಕೊಲೆಗೆ ಇಬ್ಬರು ಸಾಕ್ಷಿಗಳು ಎಲ್ಲಿ ಸಿಗುತ್ತಾರೆ? ಉಳಿದದ್ದು ತಪ್ಪೊಪ್ಪಿಗೆ, ಅದನ್ನು ಹೊರಡಿಸಲು ಚಿತ್ರಹಿಂಸೆ. 1532ರ ಕರೋಲಿನಾ ಎಂಬ ಜರ್ಮನ್ ದಂಡಸಂಹಿತೆ ಸಾಕಷ್ಟು ಸುಳಿವಿಲ್ಲದೆ ಚಿತ್ರಹಿಂಸೆ ಕೂಡದು, ಹಿಂಸೆಯಲ್ಲಿ ಒಪ್ಪಿಕೊಂಡದ್ದನ್ನು ಆಮೇಲೆ ಮತ್ತೆ ದೃಢಪಡಿಸಬೇಕು ಎಂದು ವಿಧಿಸಿತು. ಈ ಒಂದು ನಿಯಮವನ್ನು ಲೋಕಕ್ಕೆ ತಂದರೆ ಸಾಕು, ಹಿಂಸಕನಿಗೆ ಎಲ್ಲಿಲ್ಲದ ಬಲ ಬರುತ್ತದೆ, ಮಾತು ಹಿಂತೆಗೆದುಕೊಳ್ಳುವ ಆರೋಪಿಯ ದೃಶ್ಯವೂ ಹುಟ್ಟುತ್ತದೆ.

ಇನ್ನೊಂದು ಮಾದರಿ ದಿವ್ಯ, ಅಂದರೆ ಆರೋಪಿಯನ್ನು ಪರೀಕ್ಷೆಗೊಡ್ಡಿ ತೀರ್ಪನ್ನು ದೈವಕ್ಕೆ ಬಿಡುವುದು. ಯಾಜ್ಞವಲ್ಕ್ಯ ಸ್ಮೃತಿ ತುಲಾ, ಅಗ್ನಿ, ಜಲ, ವಿಷ, ಕೋಶ ಎಂದು ಐದು ದಿವ್ಯಗಳನ್ನು ಹೇಳುತ್ತದೆ. ಕೋಶದಲ್ಲಿ ಆರೋಪಿ ದೇವರನ್ನು ತೊಳೆದ ನೀರು ಕುಡಿಯುತ್ತಾನೆ. ಹದಿನಾಲ್ಕು ದಿನದೊಳಗೆ ದೈವದಿಂದಲೋ ರಾಜನಿಂದಲೋ ಘೋರ ಆಪತ್ತು ಬರದಿದ್ದರೆ ಶುದ್ಧ. ಯುರೋಪಿನಲ್ಲಿ ಕಾದ ಕಬ್ಬಿಣ ಹಿಡಿದ ಕೈಗೆ ಬಟ್ಟೆ ಕಟ್ಟಿ, ಮೂರು ದಿನ ಕಳೆದು ಬಿಚ್ಚಿ ನೋಡುತ್ತಿದ್ದರು. 1215ರಲ್ಲಿ ಚರ್ಚ್ ಪಾದ್ರಿಗಳನ್ನು ಇದರಿಂದ ದೂರವಿಟ್ಟ ಮೇಲೆ ಅಲ್ಲಿ ಈ ಪದ್ಧತಿ ಸೊರಗಿತು. ಆಟಕ್ಕೆ ಇದರಲ್ಲಿ ಬೆಲೆಬಾಳುವುದು ಕಾಯುವ ಅವಧಿ. ಆ ಮೂರು ಅಥವಾ ಹದಿನಾಲ್ಕು ದಿನ ಆರೋಪಿ ಊರಲ್ಲೇ ಓಡಾಡಿಕೊಂಡಿರುತ್ತಾನೆ. ಶತ್ರುಗಳು ಆಪತ್ತು ತರಲು ಹೊಂಚುಹಾಕುತ್ತಾರೆ, ಗೆಳೆಯರು ಕಾಯುತ್ತಾರೆ. ಫಲಿತಾಂಶವನ್ನು ದಾಳದ ಒಂದೇ ಎಸೆತಕ್ಕೆ ಬಿಡಬೇಡಿ, ಆ ದಿನಗಳಲ್ಲಿ ನಡೆದದ್ದು ಅದನ್ನು ನಿರ್ಧರಿಸಲಿ.

ಬಂಧನ, ವಿಚಾರಣೆ

ಹಿಡಿದವರು ಮೂವತ್ತು ನಿಮಿಷದೊಳಗೆ ದೃಶ್ಯವನ್ನು ಮುಂದಕ್ಕೆ ಒಯ್ಯಬೇಕು. ಒಯ್ಯದಿದ್ದರೆ ಬಂಧಿತ ಪಾತ್ರ ತಪ್ಪಿಸಿಕೊಂಡಂತೆ ಎಂದು ಬರೆದಿಡಿ. ಕೋಳ ಹಾಕಿ ಊಟಕ್ಕೆ ಎದ್ದುಹೋಗುವ ಕಾವಲುಗಾರರಿಂದ ಆಗುವಷ್ಟು ಬೇಸರ ಬೇರಾವುದರಿಂದಲೂ ಆಗದು. ಪ್ರತಿ ಬಂಧನದಲ್ಲೂ ಪಾರಾಗಲು ಒಂದು ನಿಜವಾದ ಅವಕಾಶ ಇರಲಿ: ಓಟ, ಲಂಚ, ಜಾಮೀನು ನಿಲ್ಲುವವರು, ಇಲ್ಲವೇ ದೇಗುಲದ ಆಶ್ರಯ. ಇಂಗ್ಲೆಂಡಿನ ಹಳೆಯ ಪದ್ಧತಿಯಲ್ಲಿ ಚರ್ಚಿಗೆ ಓಡಿಹೊಕ್ಕವನಿಗೆ 40 ದಿನ ಆಶ್ರಯವಿತ್ತು. ತಪ್ಪು ಒಪ್ಪಿಕೊಂಡು ದೇಶ ಬಿಡುತ್ತೇನೆಂದು ಪ್ರಮಾಣ ಮಾಡಿದರೆ ಗೊತ್ತುಮಾಡಿದ ಬಂದರಿನವರೆಗೆ ಹೋಗಲು ಬಿಡುತ್ತಿದ್ದರು. ನಿಮ್ಮ ಲೋಕದಲ್ಲಿ 40 ದಿನವನ್ನು ನಾಲ್ಕಕ್ಕೆ ಇಳಿಸಿ, ಬಂದರಿನ ದಾರಿಯನ್ನು ಹಾಗೇ ಉಳಿಸಿಕೊಳ್ಳಿ. ಸೇಡಿನವರು ದಾರಿಯಲ್ಲಿ ಕಾದಿರುತ್ತಾರೆ.

ವಿಚಾರಣೆ ಏಳು ದಿನದೊಳಗೆ ನಡೆಯಬೇಕು, ಒಂದೇ ಬೈಠಕ್ಕಿನಲ್ಲಿ ತೊಂಬತ್ತು ನಿಮಿಷಕ್ಕೆ ಮುಗಿಯಬೇಕು. ಸಮಯವನ್ನು ಎರಡು ದಿನ ಮೊದಲು ತಿಳಿಸಿ. ಆರೋಪ ಓದಲು ಹತ್ತು ನಿಮಿಷ, ಎರಡೂ ಕಡೆಗೆ ತಲಾ ಎರಡು ಸಾಕ್ಷಿಗಳು, ಆರೋಪಿಯ ಕೊನೆಯ ಮಾತು, ತೀರ್ಪು. ಒಬ್ಬರು ಬರೆಯುತ್ತಿರುವಾಗ ಇನ್ನೊಬ್ಬರು ನುಗ್ಗದಂತೆ ಮಾತಿನ ಸರದಿ ಹೇಳುವ ಒಬ್ಬ ಕರಣಿಕನನ್ನು ಕೂರಿಸಿ. ಹತ್ತು ಜನ ಒಟ್ಟಿಗೆ ಟೈಪ್ ಮಾಡುವ ಸಭೆಯಲ್ಲಿ ಅವನಿಲ್ಲದಿದ್ದರೆ ಅರ್ಧ ಗಂಟೆಯಲ್ಲಿ ಯಾರಿಗೂ ತಲೆಬುಡ ತಿಳಿಯದು. ತೀರ್ಪು ಕೊಡುವವರ ಬೇರೆ ಪಾತ್ರಗಳಾಗಲಿ, ಅವರ ಗಿಲ್ಡ್ (ಆಟಗಾರರ ತಂಡ) ಆಗಲಿ ಆ ಮೊಕದ್ದಮೆಯಲ್ಲಿ ಇರಬಾರದು. ಭ್ರಷ್ಟ ನ್ಯಾಯಾಧೀಶನ ಪಾತ್ರ ಧಾರಾಳವಾಗಿ ಇರಲಿ. ಆದರೆ ಅವನು ಲಂಚ ತೆಗೆದುಕೊಂಡದ್ದನ್ನು ಇತರ ಪಾತ್ರಗಳು ಪತ್ತೆಹಚ್ಚಲು ಒಂದು ಕುರುಹು ಉಳಿಯಲೇಬೇಕು: ಒಂದು ಪತ್ರ, ಗುರುತಿನ ನಾಣ್ಯ, ಬಾಗಿಲ ಮರೆಯಲ್ಲಿದ್ದ ಆಳು.

ಶಿಕ್ಷೆಗಳು

ದಂಡ ಕಟ್ಟಿಸುವುದು ಸುಲಭ, ಆದ್ದರಿಂದಲೇ ನೀರಸ. ಅದಕ್ಕೆ ಜೀವ ಬರುವುದು ಹಣ ನೊಂದವರಿಗೆ ಹೋದಾಗ. 7ನೆಯ ಶತಮಾನದ ಆರಂಭದ, ಕೆಂಟ್ ರಾಜ ಎಥೆಲ್‌ಬರ್ಟ್‌ನ ಕಾನೂನಿನಲ್ಲಿ ಒಂದೊಂದು ಅಂಗಕ್ಕೂ ಬೆಲೆಯಿತ್ತು: ಕಿವಿ ಕತ್ತರಿಸಿದರೆ 12 ಶಿಲಿಂಗ್, ಹೆಬ್ಬೆರಳು ಹೋದರೆ 20. ಇಂಥದೊಂದು ಪಟ್ಟಿ ನಿಮ್ಮಲ್ಲೂ ಇರಲಿ. ಮೊತ್ತವನ್ನು ಪಾತ್ರವೊಂದು ಎರಡು ವಾರದಲ್ಲಿ ದುಡಿಯುವಷ್ಟಕ್ಕೆ ಇಡಿ. ಒಂದೇ ದಿನದಲ್ಲಿ ತೀರಿದರೆ ಶಿಕ್ಷೆಯಾಗದು, ಎರಡು ತಿಂಗಳಾದರೆ ಆಟಗಾರರು ಪಾತ್ರವನ್ನೇ ಬಿಡುತ್ತಾರೆ. ಕಟ್ಟಲಾಗದವನು ಸಾಲಿಗನ ಕೈಕೆಳಗೆ ಬೀಳುತ್ತಾನೆ, ಅಲ್ಲಿಂದ ಇನ್ನೊಂದು ಕಥೆ.

ಸೆರೆವಾಸ ನಿಜಲೋಕದ ಗಡಿಯಾರದ 48 ಗಂಟೆ ಮೀರಬಾರದು. ಆಟಗಾರರು ಲಾಗಿನ್ ಇರಲಿ ಬಿಡಲಿ, ಅವಧಿ ಓಡುತ್ತಿರಲಿ. ಸೆರೆಮನೆಯನ್ನು ಕಟ್ಟುವಾಗ ಬೀದಿಗೆ ತೆರೆಯುವ ಒಂದು ಕಿಂಡಿ, ಕನಿಷ್ಠ ಎರಡು ಕೋಣೆಗಳ ನಡುವೆ ಮಾತು ದಾಟುವ ಗೋಡೆ, ಮಾಡಲು ಒಂದು ಕೆಲಸ, ಲಂಚಕ್ಕೆ ಬಗ್ಗುವ ಕಾವಲುಗಾರ ಇವಿಷ್ಟು ಇರಲೇಬೇಕು. ಒಂಟಿ ಕತ್ತಲಕೋಣೆ ಬರವಣಿಗೆಯಲ್ಲಿ ಭಯಾನಕ, ಆಟದಲ್ಲಿ ಬರೀ ಖಾಲಿ ಪರದೆ.

ಎಲ್ಲಕ್ಕಿಂತ ಹೆಚ್ಚು ಆಟ ಕೊಡುವ ಶಿಕ್ಷೆ ಬಹಿಷ್ಕಾರ. ಮಧ್ಯಯುಗದ ಐಸ್‌ಲ್ಯಾಂಡಿನಲ್ಲಿ ಇದಕ್ಕೆ ಎರಡು ಹಂತ: ಸಣ್ಣದರಲ್ಲಿ ಮೂರು ವರ್ಷ ದೇಶ ಬಿಡಬೇಕು, ದೊಡ್ಡದರಲ್ಲಿ ಜೀವಮಾನವಿಡೀ ಕಾನೂನಿನ ರಕ್ಷಣೆಯಿಲ್ಲ, ಯಾರು ಕೊಂದರೂ ತಪ್ಪಲ್ಲ, ಅನ್ನ ಆಶ್ರಯ ಕೊಟ್ಟವರೂ ತಪ್ಪಿತಸ್ಥರು. ಆಟಕ್ಕೆ ಇಳಿಸುವಾಗ ಸಣ್ಣ ಬಹಿಷ್ಕಾರವನ್ನು ಎರಡು ವಾರ, ದೊಡ್ಡದನ್ನು ಆರು ವಾರ ಮಾಡಿ. ನಗರದ ಹೊರಗೆ ಬಹಿಷ್ಕೃತರು ಬದುಕಲು ಒಂದು ಕಾಡು, ಒಂದು ಹಾಳು ಕೋಟೆ, ಕಳ್ಳಮಾಲಿನ ಸಂತೆ ಇರಬೇಕು. ಅವು ಇಲ್ಲದಿದ್ದರೆ ಬಹಿಷ್ಕಾರವೂ ಬ್ಯಾನ್‌ನ ಇನ್ನೊಂದು ಹೆಸರಾಗುತ್ತದೆ. ತಲೆಗೆ ಇನಾಮು ಇಟ್ಟರೆ ಹದಿನಾಲ್ಕು ದಿನಕ್ಕೆ ಅದು ರದ್ದಾಗಲಿ, ಒಬ್ಬ ಬೇಟೆಗಾರ ಒಂದು ತಲೆಯನ್ನು ವಾರಕ್ಕೊಮ್ಮೆ ಮಾತ್ರ ಬೆನ್ನಟ್ಟಲಿ.

ಬರೆ ಹಾಕುವುದು, ಬೆರಳು ಕತ್ತರಿಸುವುದು ಶಾಶ್ವತ ಗುರುತುಗಳು. ಆಟಗಾರರ ಒಪ್ಪಿಗೆ ಬೇಕು, ಬದಲಿಗೆ ಇನ್ನೊಂದು ಶಿಕ್ಷೆ ಆರಿಸಿಕೊಳ್ಳುವ ಅವಕಾಶವೂ ಬೇಕು. ಬರೆಯ ಗುರುತನ್ನು ಪಾತ್ರದ ವಿವರಣೆಯಲ್ಲಿ ಮೊದಲ ಸಾಲಿಗೇ ಸೇರಿಸಿ. ಮೂರನೆಯ ಪುಟದಲ್ಲಿ ಅಡಗಿದ ಬರೆ ಯಾರ ಕಣ್ಣಿಗೂ ಬೀಳದು.

ಮರಣದಂಡನೆಗೆ ಮೂರು ಬಾಗಿಲು ಇಡಿ. ಮೊದಲನೆಯದು, ಆ ಅಪರಾಧಕ್ಕೆ ಸಾವಿದೆ ಎಂದು ಅಪರಾಧಕ್ಕೆ ಮುಂಚೆಯೇ ಆಟಗಾರರಿಗೆ ಗೊತ್ತಿತ್ತೇ ಎಂದು ಖಚಿತಪಡಿಸಿಕೊಳ್ಳುವುದು. ಎರಡನೆಯದು, ಲಿಖಿತ ಒಪ್ಪಿಗೆ. ಮೂರನೆಯದು, ತೀರ್ಪಿಗೂ ಗಲ್ಲಿಗೂ ನಡುವೆ 72 ಗಂಟೆ. ಆ ಮೂರು ದಿನದಲ್ಲಿ ಕ್ಷಮೆ ಬೇಡುವುದು, ಸೆರೆಮನೆ ಒಡೆಯುವುದು, ಕೊನೆಯ ಭೇಟಿ, ಉಯಿಲು ಎಲ್ಲವೂ ನಡೆಯುತ್ತದೆ. ಒಪ್ಪಿಗೆ ಕೊಡದಿದ್ದರೆ ದೊಡ್ಡ ಬಹಿಷ್ಕಾರಕ್ಕೆ ಇಳಿಸಿ, ಒಪ್ಪದವರನ್ನು ಹೇಡಿಯೆಂದು ಹಂಗಿಸಲು ಬಿಡಬೇಡಿ. ಸತ್ತವರನ್ನು ಬದುಕಿಸುವ ವಿದ್ಯೆ ಲೋಕದಲ್ಲಿದ್ದರೆ, ಗಲ್ಲಿಗೇರಿದವರ ಹೆಣವನ್ನು ಸುಡಬೇಕೋ, ಬೂದಿಯನ್ನು ಹೊಳೆಗೆ ಬಿಡಬೇಕೋ, ಯಾರು ಕಾಯಬೇಕೋ ಎಂಬುದೂ ತೀರ್ಪಿನಲ್ಲೇ ಬರಲಿ. ಇಲ್ಲವಾದರೆ ಮರುದಿನ ಅದೇ ಪಾತ್ರ ಸಂತೆಯಲ್ಲಿ ನಿಂತಿರುತ್ತದೆ.

ಚಿತ್ರಹಿಂಸೆಯ ದೃಶ್ಯಕ್ಕೆ ಮುಂಚೆ ಪಾತ್ರದಿಂದ ಹೊರಬಂದು ಇಬ್ಬರೂ ಮಾತಾಡಲೇಬೇಕು: ಏನನ್ನು ವಿವರಿಸಬಹುದು, ಏನನ್ನು ತೆರೆ ಎಳೆದು ದಾಟಿಸಬೇಕು, ಏನು ಸುತರಾಂ ಕೂಡದು. ನಿಲ್ಲಿಸಲು ಒಂದು ಪದ ಗೊತ್ತುಮಾಡಿಕೊಳ್ಳಿ. ಅದು ಬಂದ ತಕ್ಷಣ ಕಾರಣ ಕೇಳದೆ ನಿಲ್ಲಿಸಿ, ದೃಶ್ಯದ ಫಲಿತಾಂಶವನ್ನು ಎರಡು ಸಾಲಿನಲ್ಲಿ ಬರೆದು ಮುಗಿಸಿ. ಲೈಂಗಿಕ ಹಿಂಸೆ ಶಿಕ್ಷೆಯಾಗಿ ಎಲ್ಲೂ, ಯಾವ ಒಪ್ಪಿಗೆಯ ಮೇಲೂ ಬರಬಾರದು. ಇಂಥ ದೃಶ್ಯಗಳಿರುವ ಸರ್ವರ್‌ಗೆ ಹದಿನೆಂಟು ತುಂಬದವರನ್ನು ಸೇರಿಸಬೇಡಿ.

ಪ್ರತಿ ಮೊಕದ್ದಮೆಯನ್ನೂ ಲೋಕದೊಳಗಿನ ಕಡತದಲ್ಲಿ ಐದಾರು ಸಾಲು ಬರೆದಿಡಿ: ಆರೋಪ, ಸಾಕ್ಷಿಗಳು, ತೀರ್ಪು, ಕೊಟ್ಟವರು, ಅವಧಿ ಮುಗಿಯುವ ದಿನ. ಮುಂದಿನ ವಕೀಲರ ಪಾತ್ರಗಳು ಇದನ್ನೇ ತಿರುವಿಹಾಕಿ ವಾದಿಸುತ್ತವೆ. ಕಡತದ ಕೋಣೆಗೆ ಒಂದು ಸಾಧಾರಣ ಬೀಗ ಹಾಕಿ, ಒಡೆಯಲು ಬರುವಂಥದ್ದು.