ಹೆರಿಗೆಗೆ ಆಸ್ಪತ್ರೆಗೆ ಹೊರಡುವುದು ಯಾವಾಗ, ಅಲ್ಲಿ ನಡೆಯುವುದೇನು?

ಮೊದಲ ಹೆರಿಗೆಯ ಹೊಸ್ತಿಲಲ್ಲಿರುವವಳಿಗೆ ಸಲಹೆ ಕೊಡುವವರಿಗೆ ಬೆಂಗಳೂರಿನಲ್ಲೇನೂ ಬರವಿಲ್ಲ. ಏನು ತಿನ್ನಬೇಕು, ಯಾವ ಮಗ್ಗುಲಿಗೆ ಮಲಗಬೇಕು ಎಂದು ಎಲ್ಲರೂ ಹೇಳುತ್ತಾರೆ; ಹೆರಿಗೆ ವಾರ್ಡಿನ ಬಾಗಿಲು ಹಾಕಿದ ಮೇಲೆ ಏನಾಗುತ್ತದೆ ಎಂಬುದನ್ನು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ನೋವು ತಡೆದುಕೊಳ್ಳುವುದು ಕಷ್ಟವೇ ಹೌದು, ಆದರೆ ಮುಂದೇನು ಎಂದು ಗೊತ್ತಿಲ್ಲದೆ ತಡೆದುಕೊಳ್ಳುವುದು ಅದಕ್ಕಿಂತ ಕಷ್ಟ ಎಂಬುದು ಎರಡು ಹೆರಿಗೆ ಕಂಡ ನನ್ನ ಅಭಿಪ್ರಾಯ.

ಮೊದಲು ಆಸ್ಪತ್ರೆಯ ಆಯ್ಕೆ

ಎಂಟನೇ ತಿಂಗಳು ತುಂಬುವ ಮೊದಲೇ ಇದು ತೀರ್ಮಾನವಾಗಿರಬೇಕು. ಕೆ.ಆರ್. ಮಾರುಕಟ್ಟೆಯ ಬಳಿ 1935ರಿಂದ ನಡೆಯುತ್ತಿರುವ ವಾಣಿವಿಲಾಸ, ಶಿವಾಜಿನಗರದ ಘೋಷಾ, ಮಲ್ಲೇಶ್ವರದ ಕೆ.ಸಿ. ಜನರಲ್ ಮುಂತಾದ ಸರ್ಕಾರಿ ಆಸ್ಪತ್ರೆಗಳಲ್ಲಿ, 2011ರಲ್ಲಿ ಜಾರಿಗೆ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ ಎಲ್ಲವೂ ಉಚಿತ. ಖಾಸಗಿ ಆಸ್ಪತ್ರೆಯಾದರೆ ದರಪಟ್ಟಿಗಿಂತ ಮೊದಲು ಮೂರು ಪ್ರಶ್ನೆ ಕೇಳಿ: ರಾತ್ರಿ ಅರಿವಳಿಕೆ ವೈದ್ಯರು ಆಸ್ಪತ್ರೆಯಲ್ಲೇ ಇರುತ್ತಾರೆಯೇ, ತುರ್ತಿನಲ್ಲಿ ರಕ್ತ ಎಲ್ಲಿಂದ ಬರುತ್ತದೆ, ನವಜಾತ ಶಿಶುಗಳ ತೀವ್ರ ನಿಗಾ ಘಟಕ ಇದೆಯೇ. ದೂರವನ್ನು ಕಿಲೋಮೀಟರಿನಲ್ಲಿ ಲೆಕ್ಕ ಹಾಕಬೇಡಿ. ಸಿಲ್ಕ್ ಬೋರ್ಡ್ ಜಂಕ್ಷನ್ನನ್ನೋ ಹೆಬ್ಬಾಳದ ಮೇಲ್ಸೇತುವೆಯನ್ನೋ ದಾಟಿ ಹೋಗಬೇಕಾಗಿದ್ದರೆ, ಕೆಲಸದ ದಿನದ ಸಂಜೆ ಒಮ್ಮೆ ಹೋಗಿ ನೋಡಿದರೆ ನಿಜವಾದ ದೂರ ತಿಳಿಯುತ್ತದೆ. ವಾಹನ ಸಿಗದಿದ್ದರೆ 108ಕ್ಕೆ ಕರೆ ಮಾಡಿ.

ತಾಯಿ ಕಾರ್ಡ್, ಸ್ಕ್ಯಾನಿಂಗ್ ವರದಿಗಳು, ರಕ್ತದ ಗುಂಪಿನ ಚೀಟಿ ಮತ್ತು ಆಧಾರ್ ಒಂದೇ ಚೀಲದಲ್ಲಿರಲಿ. ಬಾಣಂತನಕ್ಕೆ ತವರಿಗೆ ಹೋಗುವವರು ಇವುಗಳ ನಕಲನ್ನು ಗಂಡನ ಬಳಿಯೂ ಇಟ್ಟಿರಬೇಕು. ಮಗುವಿಗೆ ಹೊಸ ಬಟ್ಟೆಗಿಂತ, ಒಗೆದು ಬಿಸಿಲಿಗೆ ಹಾಕಿದ ಹಳೆಯ ಹತ್ತಿ ಸೀರೆಯ ತುಂಡುಗಳೇ ಮೇಲು.

ನೋವು ನಿಜವೋ ಸುಳ್ಳೋ

ಸುಳ್ಳು ನೋವು ಹೇಗೆಂದರೆ ಹಾಗೆ ಬರುತ್ತದೆ. ಸ್ವಲ್ಪ ಓಡಾಡಿದರೆ ಅಥವಾ ಮಲಗಿದರೆ ಕಡಿಮೆಯಾಗುತ್ತದೆ. ನಿಜವಾದ ನೋವು ಸಾಮಾನ್ಯವಾಗಿ ಸೊಂಟದಿಂದ ಹೊರಟು ಮುಂದಕ್ಕೆ ಬಂದು ಹೊಟ್ಟೆಯನ್ನು ಬಿಗಿಹಿಡಿದು ಬಿಡುತ್ತದೆ, ಮತ್ತು ಹೊತ್ತು ಹೋದಂತೆ ಹತ್ತಿರ ಹತ್ತಿರವಾಗಿ, ಜೋರಾಗಿ ಬರುತ್ತದೆ. ಚೊಚ್ಚಲ ಹೆರಿಗೆಯಲ್ಲಿ ಐದು ನಿಮಿಷಕ್ಕೊಮ್ಮೆ, ಪ್ರತಿ ಸಲ ಸುಮಾರು ಒಂದು ನಿಮಿಷ ಇರುವ ನೋವು ಒಂದು ಗಂಟೆಯ ಕಾಲ ಹಾಗೆಯೇ ಮುಂದುವರಿದರೆ ಹೊರಡಬಹುದು. ಎರಡನೆಯ ಹೆರಿಗೆಯವರು ಅಷ್ಟು ಕಾಯಬಾರದು. ರಕ್ತದ ಗೆರೆಯಿರುವ ಲೋಳೆ ಹೋದ ಮಾತ್ರಕ್ಕೆ ಗಾಬರಿ ಬೇಡ, ಅದಾದ ಮೇಲೂ ನೋವು ಶುರುವಾಗಲು ಕೆಲವು ದಿನ ಹಿಡಿಯಬಹುದು.

ಆದರೆ ಮಗುವಿನ ಸುತ್ತಲಿನ ನೀರು ಹೋದರೆ, ಅದರಲ್ಲೂ ಹಸಿರು ಅಥವಾ ಕಂದು ಬಣ್ಣದ ನೀರು ಹೋದರೆ, ರಕ್ತಸ್ರಾವವಾದರೆ, ಮಗುವಿನ ಚಲನೆ ಕಡಿಮೆಯಾದರೆ, ತೀವ್ರ ತಲೆನೋವಿನ ಜೊತೆ ಕಣ್ಣು ಮಂಜಾದರೆ, ಅಥವಾ 37 ವಾರ ತುಂಬುವ ಮೊದಲೇ ನೋವು ಬಂದರೆ ಗಡಿಯಾರ ನೋಡುತ್ತ ಕೂರದೆ ಹೊರಡಬೇಕು.

ವಾರ್ಡಿನಲ್ಲಿ

ಸೇರಿದ ಕೂಡಲೇ ರಕ್ತದೊತ್ತಡ, ನಾಡಿ, ಜ್ವರ ನೋಡಿ, ಮಗುವಿನ ಹೃದಯಬಡಿತ ಕೇಳುತ್ತಾರೆ. ನಿಮಿಷಕ್ಕೆ 110ರಿಂದ 160 ಇದ್ದರೆ ಸಹಜ. ನಂತರ ಒಳಪರೀಕ್ಷೆ ಮಾಡಿ ಗರ್ಭಕೋಶದ ಬಾಯಿ ಎಷ್ಟು ಸೆಂಟಿಮೀಟರ್ ತೆರೆದಿದೆ ಎಂದು ನೋಡುತ್ತಾರೆ. ಪೂರ್ತಿ ತೆರೆಯುವುದೆಂದರೆ 10 ಸೆಂಟಿಮೀಟರ್. ಗಂಟೆಗೊಂದು ಸೆಂಟಿಮೀಟರ್ ತೆರೆಯಲೇಬೇಕು ಎಂಬ ಹಳೆಯ ಲೆಕ್ಕವನ್ನು ಎಲ್ಲರಿಗೂ ಅನ್ವಯಿಸಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿತು. ಅದರ ಪ್ರಕಾರ ಹೆರಿಗೆ ನೋವಿನ ಚುರುಕಾದ ಹಂತ ಆರಂಭವಾಗುವುದು 5 ಸೆಂಟಿಮೀಟರಿನಿಂದ, ಮತ್ತು ಅಲ್ಲಿಂದ ಮುಂದೆ ಚೊಚ್ಚಲಿನವರಿಗೆ 12 ಗಂಟೆಯವರೆಗೂ ಹಿಡಿಯಬಹುದು. ಆದ್ದರಿಂದ ‘ಇನ್ನೂ ಎರಡೇ ಆಗಿದೆ, ಮನೆಗೆ ಹೋಗಿ ಬನ್ನಿ’ ಎಂದರೆ ಅದು ತಾತ್ಸಾರವೆಂದು ತಿಳಿಯಬೇಕಿಲ್ಲ.

ಪ್ರತಿ ಪರೀಕ್ಷೆಯ ನಂತರ ‘ಎಷ್ಟಾಗಿದೆ, ಮಗು ಹೇಗಿದೆ’ ಎಂದು ಕೇಳಿ. ನನ್ನ ಮೊದಲ ಹೆರಿಗೆಯಲ್ಲಿ ಹಾಗೆ ಕೇಳಿದ್ದಕ್ಕೆ ‘ಅದೆಲ್ಲ ನಿಮಗ್ಯಾಕಮ್ಮಾ, ಸುಮ್ಮನೆ ಮಲಗಿ’ ಎಂಬ ಉತ್ತರ ಸಿಕ್ಕಿತ್ತು. ಎರಡನೆಯ ಸಲ ಬೇರೆ ಆಸ್ಪತ್ರೆಯಲ್ಲಿ, ರಾತ್ರಿ ಪಾಳಿಯ ಹಿರಿಯ ಸಿಸ್ಟರ್ ಒಬ್ಬರು ನನ್ನ ಹೊಟ್ಟೆಯ ಮೇಲೆ ಅಂಗೈ ಇಟ್ಟು, ಗೋಡೆಯ ಗಡಿಯಾರ ನೋಡುತ್ತ, ಹೊಟ್ಟೆ ಗಟ್ಟಿಯಾದಾಗೆಲ್ಲ ಒಂದೊಂದು ಬೆರಳು ಮಡಚಿ, ‘ಹತ್ತು ನಿಮಿಷಕ್ಕೆ ಮೂರು ಬರ್ತಿದೆಯಮ್ಮಾ, ಚೆನ್ನಾಗಿದೆ’ ಎಂದರು. ನೋವು ಕಡಿಮೆಯೇನೂ ಆಗಲಿಲ್ಲ, ಆದರೆ ನನಗೆ ಲೆಕ್ಕ ಸಿಕ್ಕಿತು.

ಮಲಗಿಯೇ ಇರಬೇಕೆಂಬ ನಿಯಮವಿಲ್ಲ. ತೊಡಕಿಲ್ಲದ ಹೆರಿಗೆಯಲ್ಲಿ ನಡೆದಾಡಬಹುದು, ನೀರು, ಎಳನೀರು ಕುಡಿಯಬಹುದು. ಎನಿಮಾ ಮತ್ತು ಕೂದಲು ತೆಗೆಯುವುದು ಎಲ್ಲರಿಗೂ ಬೇಕಾದವಲ್ಲ. ಜೊತೆಗೊಬ್ಬರು ಇರಲು, ಹೆರಿಗೆ ಕೊಠಡಿಗಳನ್ನು ಸುಧಾರಿಸುವ ಕೇಂದ್ರ ಸರ್ಕಾರದ 2017ರ ‘ಲಕ್ಷ್ಯ’ ಕಾರ್ಯಕ್ರಮ ಸರ್ಕಾರಿ ಆಸ್ಪತ್ರೆಗಳಲ್ಲೂ ಒತ್ತು ಕೊಟ್ಟಿದೆ, ಆದರೂ ಬಿಡುತ್ತಾರೆಯೇ ಎಂದು ಮುಂಚೆಯೇ ಕೇಳಿಕೊಳ್ಳಿ. ಬೆನ್ನಿಗೆ ಕೊಡುವ ಎಪಿಡ್ಯೂರಲ್ ನೋವನ್ನು ಬಹುಮಟ್ಟಿಗೆ ಇಳಿಸುತ್ತದೆ, ಆದರೆ ಕಾಲು ಭಾರವಾಗಬಹುದು, ಮಗುವನ್ನು ಹೊರತಳ್ಳಲು ಮುಕ್ಕುವ ಹಂತ ಸ್ವಲ್ಪ ಉದ್ದವಾಗಬಹುದು. ಅದನ್ನು ಕೇಳಿ ಪಡೆಯುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಮಗು ಬರುವ ಹೊತ್ತು

ಕಕ್ಕಸಿಗೆ ಅವಸರವಾದಂತೆ ಅನ್ನಿಸತೊಡಗಿದರೆ ಸಂಕೋಚ ಬಿಟ್ಟು ಕೂಡಲೇ ಸಿಸ್ಟರಿಗೆ ಹೇಳಬೇಕು, ಏಕೆಂದರೆ ಮಗುವಿನ ತಲೆ ಕೆಳಗಿಳಿದಿರುವುದರ ಗುರುತು ಅದು. ಗರ್ಭಕೋಶದ ಬಾಯಿ ಪೂರ್ತಿ ತೆರೆದಿದೆ ಎಂದು ಅವರು ಹೇಳಿದ ಮೇಲೆ ನೋವು ಬಂದಾಗ ಮುಕ್ಕಿ, ನೋವು ಬಿಟ್ಟಾಗ ಉಸಿರು ಬಿಟ್ಟು ಸಡಿಲವಾಗಿರಿ. ಚೊಚ್ಚಲಿನವರಿಗೆ ಇದು ಮೂರು ಗಂಟೆಯವರೆಗೂ ನಡೆಯಬಹುದು. ಮೇಲಿನಿಂದ ಹೊಟ್ಟೆ ಒತ್ತುವುದನ್ನು ವಿಶ್ವ ಆರೋಗ್ಯ ಸಂಸ್ಥೆ ಒಪ್ಪುವುದಿಲ್ಲ. ಹಾಗೆ ಮಾಡಿದರೆ ಬೇಡವೆನ್ನಿ.

ಮಗುವಿನ ಬಡಿತ ಏರುಪೇರಾದರೆ ಅಥವಾ ಹೆರಿಗೆ ಮುಂದುವರಿಯದಿದ್ದರೆ ಸಿಸೇರಿಯನ್ ಮಾಡುತ್ತಾರೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಕಾರಣವನ್ನು ಕನ್ನಡದಲ್ಲೇ ಕೇಳಿ ತಿಳಿಯಿರಿ. ಸಾಮಾನ್ಯವಾಗಿ ಸೊಂಟದ ಕೆಳಗೆ ಮಾತ್ರ ಮರಗಟ್ಟಿಸುವುದರಿಂದ ಮಗುವಿನ ಮೊದಲ ಅಳು ನಿಮಗೇ ಕೇಳಿಸುತ್ತದೆ.

ಮಗು ಹೊರಬಂದ ಮೇಲೆ ಹೊಕ್ಕುಳಬಳ್ಳಿಯನ್ನು ಕನಿಷ್ಠ ಒಂದು ನಿಮಿಷ ಬಿಟ್ಟು ಕತ್ತರಿಸುವುದು ಒಳ್ಳೆಯದು. ರಕ್ತಸ್ರಾವ ತಡೆಯಲು ತಾಯಿಗೆ ಆಕ್ಸಿಟೋಸಿನ್ ಇಂಜೆಕ್ಷನ್ ಕೊಡುತ್ತಾರೆ. ಮಾಸು ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬೀಳುತ್ತದೆ. ಮಗುವನ್ನು ಎದೆಯ ಮೇಲೆ ಮಲಗಿಸಿ ಒಂದು ಗಂಟೆಯೊಳಗೆ ಹಾಲೂಡಿಸಿ. ಹಳದಿ ಬಣ್ಣದ ಗಿಣ್ಣುಹಾಲನ್ನು ಹಿಂಡಿ ಚೆಲ್ಲಬಾರದು. ಅಜ್ಜಿಯರು ಎಷ್ಟೇ ಪ್ರೀತಿಯಿಂದ ತಂದರೂ ಜೇನುತುಪ್ಪ, ಸಕ್ಕರೆ ನೀರು ಬೇಡ.

ಮನೆಗೆ ಹೊರಡುವ ಮುನ್ನ

ಬಟ್ಟೆ ಅಥವಾ ಪ್ಯಾಡ್ ಒಂದು ಗಂಟೆಯೊಳಗೆ ಪೂರ್ತಿ ನೆನೆದರೆ ಕೂಡಲೇ ಹೇಳಿ. ಮಗುವಿಗೆ ಬಿ.ಸಿ.ಜಿ., ಪೋಲಿಯೊ ಹನಿ, 24 ಗಂಟೆಯೊಳಗಿನ ಹೆಪಟೈಟಿಸ್ ಬಿ ಲಸಿಕೆ ಮತ್ತು ವಿಟಮಿನ್ ಕೆ ಇಂಜೆಕ್ಷನ್ ಆಗಿವೆಯೇ ಎಂದು ಕಾರ್ಡಿನಲ್ಲಿ ನೋಡಿಕೊಳ್ಳಿ. ತಾಯಿಯ ರಕ್ತ ನೆಗೆಟಿವ್ ಗುಂಪಿನದಾಗಿದ್ದು ಮಗುವಿನದು ಪಾಸಿಟಿವ್ ಆಗಿದ್ದರೆ 72 ಗಂಟೆಯೊಳಗೆ ಆಂಟಿ-ಡಿ ಇಂಜೆಕ್ಷನ್ ಬೇಕು. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು. ಆಸ್ಪತ್ರೆಯವರೇ ವಿವರ ಕಳುಹಿಸುತ್ತಾರಾದರೂ ಅರ್ಜಿಯಲ್ಲಿ ತಂದೆ-ತಾಯಿಯ ಹೆಸರು ಆಧಾರಿನಲ್ಲಿರುವಂತೆಯೇ ಇದೆಯೇ ಎಂದು ಅಕ್ಷರ ಅಕ್ಷರ ನೋಡಿಯೇ ಹೊರಡಿ. ತಪ್ಪಿದ್ದರೆ ಅಲ್ಲೇ ತಿದ್ದಿಸಬಹುದು; ಆಮೇಲಾದರೆ ಹಸುಗೂಸನ್ನು ಮನೆಯಲ್ಲಿ ಬಿಟ್ಟು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ.