ರೇಡಿಯೇಟರ್ ಇಲ್ಲದ ಐಷರ್ ಬಿಚ್ಚಿ ಕೂತಾಗ

ಅಪ್ಪನ ಹಳೇ ಐಷರ್ ಟ್ರ್ಯಾಕ್ಟರಿಗೆ ನೀರಿನಿಂದ ಎಂಜಿನ್ ತಂಪು ಮಾಡುವ ರೇಡಿಯೇಟರೇ ಇಲ್ಲ. ಒಂದೇ ಸಿಲಿಂಡರ್. ಅದರ ಸುತ್ತ ಕೈತುಂಬ ಬಳೆ ತೊಟ್ಟ ಹಾಗೆ ಲೋಹದ ಏಣುಗಳು, ಅಂದರೆ ಫಿನ್‌ಗಳು. ಬ್ಲೋವರ್ ಫ್ಯಾನಿನ ಗಾಳಿ ಆ ಬಳೆಗಳ ಸಂದಿಯಲ್ಲಿ ಹಾದು ಎಂಜಿನ್ ತಂಪು ಮಾಡುತ್ತದೆ.

ಹನ್ನೆರಡು ವರ್ಷ ಹಿತ್ತಲಲ್ಲಿ ನಿಂತಿತ್ತು. ಗುಜರಿಯವನು ಕಿಲೋ ಲೆಕ್ಕದಲ್ಲಿ ಕೇಳಿದ. ಸಿಟ್ಟು ಬಂತು. ರಿಪೇರಿಗೆ ಕೂತಿದ್ದಕ್ಕೆ ಬೇರೆ ಕಾರಣವೇನೂ ಇಲ್ಲ.

ಮೊದಲ ಕೆಲಸ ಸಲೀಸಾಗಿ ಆಯಿತು. ಡೀಸೆಲ್ ಟ್ಯಾಂಕ್ ತೊಳೆದೆ, ಫಿಲ್ಟರ್ ಬದಲಿಸಿದೆ, ಪೈಪಿನ ಏರ್ ತೆಗೆದೆ, ನಾಝಲ್ ಚೆಕ್ ಮಾಡಿಸಿದೆ. ಮೂರನೇ ದಿನ ಸ್ಟಾರ್ಟ್ ಆಯಿತು. ಅಪ್ಪ ಕಟ್ಟೆಯಿಂದ ಎದ್ದು ಬಂದರು.

ತಪ್ಪು ಮಾಡಿದ್ದು ಆಮೇಲೆ. ಸಿಲಿಂಡರ್ ಸುತ್ತ ಇದ್ದ ತಗಡಿನ ಕವಚ ನೆಗ್ಗಿ ಗಡಗಡ ಅನ್ನುತ್ತಿತ್ತು. ಬಿಚ್ಚಿ ಮೂಲೆಗಿಟ್ಟೆ. ಬಯಲಿನ ಗಾಳಿ ನೇರವಾಗಿ ಬಡಿದರೆ ಇನ್ನೂ ತಂಪು ಅಲ್ವಾ ಅಂತ ನನ್ನ ಲೆಕ್ಕ. ಹೊಲಕ್ಕೆ ಇಳಿಸಿ ಮುಕ್ಕಾಲು ಗಂಟೆಯಾಗಿರಬೇಕು, ಶಬ್ದ ಭಾರವಾಯಿತು. ಹಾಗೇ ನಿಂತುಬಿಟ್ಟಿತು. ಪಿಸ್ಟನ್ ಸೀಜ್. ಅಂದರೆ ಕಾದು ಉಬ್ಬಿ ಸಿಲಿಂಡರಿನೊಳಗೇ ಕಚ್ಚಿಕೊಂಡಿತ್ತು.

ಊರಿನ ಹಳೇ ಮೇಸ್ತ್ರಿ ಚಾಚಾ ಬಂದು ನೋಡಿದರು. ಬೈಯಲಿಲ್ಲ. "ತಮ್ಮಾ, ತುಟಿ ಬಿಗಿ ಮಾಡಿ ಊದಿದ್ರ ದೀಪ ಆರತೈತಿ. ಬಾಯಿ ತೆರದು ಹಾ ಅಂದ್ರ ಆರತೈತೇನು?" ಅಂದರು. ತಗಡು ಇರುವುದೇ ಆ ತುಟಿಯ ಕೆಲಸಕ್ಕೆ. ಅದಿಲ್ಲದಿದ್ದರೆ ಬ್ಲೋವರ್ ಗಾಳಿ ಫಿನ್ ಸಂದಿಗೆ ಹೋಗದೆ ಸುಮ್ನೆ ಆಚೆ ಹರಡಿಕೊಳ್ಳುತ್ತದೆ.

ಬಿಡಿಭಾಗ ಬರುವವರೆಗೆ ಕೆಲಸವಿರಲಿಲ್ಲ. ಇಂಥ ಎಂಜಿನ್ ಯಾರು ಮಾಡಿದ್ದು ಅಂತ ಹುಡುಕಿದೆ. ಜರ್ಮನಿಯ ಬವೇರಿಯಾದಲ್ಲಿ, ಮ್ಯೂನಿಕ್ ಹತ್ತಿರ ಫೋರ್‌ಸ್ಟರ್ನ್ ಅಂತ ಒಂದು ಹಳ್ಳಿ. ಅಲ್ಲಿಯ ಜೋಸೆಫ್ ಮತ್ತು ಆಲ್ಬರ್ಟ್ ಐಷರ್ ಅಣ್ಣತಮ್ಮಂದಿರು 1936ರಲ್ಲಿ ಮೊದಲ ಟ್ರ್ಯಾಕ್ಟರ್ ಕಟ್ಟಿದರು. ಅದಕ್ಕೆ ಎಂಜಿನ್ ಡಾಯ್ಟ್ಸ್ ಕಂಪನಿಯದು. ತಮ್ಮದೇ ಗಾಳಿತಂಪಿನ ಡೀಸೆಲ್ ಎಂಜಿನ್ ಹಾಕಿ 16 ಅಶ್ವಶಕ್ತಿಯ ಟ್ರ್ಯಾಕ್ಟರ್ ತಂದದ್ದು 1948ರಲ್ಲಿ. ಚಳಿಯ ದೇಶದಲ್ಲಿ ರೇಡಿಯೇಟರ್ ನೀರು ಹೆಪ್ಪುಗಟ್ಟಿದರೆ ಎಂಜಿನ್ನೇ ಸೀಳುತ್ತದೆ. ನೀರೇ ಇಲ್ಲದಿದ್ದರೆ ಆ ತಲೆನೋವೂ ಇಲ್ಲ. ನಮ್ಮ ಕಡೆ ಹಿಮ ಎಲ್ಲಿಂದ ಬರಬೇಕು? ಆದರೆ ನಮ್ಮ ಬೋರಿನ ನೀರು ಉಪ್ಪು. ರೇಡಿಯೇಟರಿಗೆ ಹಾಕಿದರೆ ಒಳಗೆಲ್ಲ ಬಿಳಿ ಪೊರೆ ಕಟ್ಟುತ್ತದೆ. ಅಪ್ಪ ಇದನ್ನೇ ಯಾಕೆ ಆರಿಸಿದರು ಅಂತ ಆಗ ತಿಳಿಯಿತು.

ಅದೇ 1948ರಲ್ಲಿ ಇಲ್ಲಿ ಗುಡ್‌ಅರ್ತ್ ಎಂಬ ಕಂಪನಿ ಹೊರದೇಶದ ಟ್ರ್ಯಾಕ್ಟರ್ ತರಿಸಿ ಮಾರುತ್ತಿತ್ತು, ರಿಪೇರಿಯನ್ನೂ ಮಾಡುತ್ತಿತ್ತು. ಅದು 1959ರಲ್ಲಿ ಜರ್ಮನಿಯ ಐಷರ್ ಜೊತೆ ಕೈಜೋಡಿಸಿತು. 1960ರಲ್ಲಿ ಫರೀದಾಬಾದ್ ಕಾರ್ಖಾನೆಯಿಂದ ಮೊದಲ ಟ್ರ್ಯಾಕ್ಟರ್ ಹೊರಬಂತು. ಮುಂದೆ ಇದೇ ಭಾರತದ ಐಷರ್ ರಾಯಲ್ ಎನ್‌ಫೀಲ್ಡ್ ಕೊಂಡಿತು. 2005ರಲ್ಲಿ ಟ್ರ್ಯಾಕ್ಟರ್ ವ್ಯವಹಾರವನ್ನು ಚೆನ್ನೈನ ಟಾಫೆ ಎಂಬ ಟ್ರ್ಯಾಕ್ಟರ್ ಕಂಪನಿಗೆ ಮಾರಿತು. ಬುಲೆಟ್ ಓಡಿಸುವ ನನ್ನ ತಮ್ಮನಿಗೆ ಇದನ್ನು ಹೇಳಿದರೆ ನಂಬಲೇ ಇಲ್ಲ.

ಇನ್ನು ಜೋಡಣೆ. ಒಂಟಿ ಸಿಲಿಂಡರಿನ ಲಾಭ ಇಲ್ಲಿದೆ. ಹೆಡ್ ಬಿಚ್ಚಿ ಸಿಲಿಂಡರನ್ನು ಮೇಲಕ್ಕೆ ಎತ್ತಿದರೆ ಪಿಸ್ಟನ್ ಕಣ್ಣೆದುರಿಗೇ. ಇಡೀ ಎಂಜಿನ್ ಇಳಿಸಬೇಕಿಲ್ಲ. ಪಿಸ್ಟನ್ ಸುತ್ತ ಕೂರುವ ಹೊಸ ರಿಂಗುಗಳ ಬಾಯಿ (ಸೀಳಿನ ಸಂದಿ) ಒಂದೇ ಸಾಲಿಗೆ ಬರದ ಹಾಗೆ ತಿರುಗಿಸಿ ಕೂರಿಸಿದೆ. ಹೆಡ್ ಬೋಲ್ಟ್‌ಗಳನ್ನು ಒಂದೇ ಸಲ ಬಿಗಿಯದೆ, ಎದುರುಬದುರಾಗಿ ಮೂರು ಸುತ್ತಿನಲ್ಲಿ ಬಿಗಿದೆ.

ಫಿನ್ ತೊಳೆಯಲು ಎರಡು ದಿನ ಹಿಡಿಯಿತು. ಟ್ಯಾಪೆಟ್ ಕವರಿನ ಪ್ಯಾಕಿಂಗ್ ಹೋಗಿ ಆಯಿಲ್ ಜಿನುಗಿತ್ತು. ಆ ಜಿಡ್ಡಿಗೆ ವರ್ಷಾನುಗಟ್ಟಲೆ ಕಾಳು ಒಕ್ಕುವ ರಾಶಿಯ ಹೊಟ್ಟು ಅಂಟಿ, ಗೋಡೆಗೆ ಬಡಿದ ಕುಳ್ಳಿನ ಹಾಗೆ ಗಟ್ಟಿಯಾಗಿತ್ತು. ಗಾಳಿತಂಪಿನ ಎಂಜಿನ್ ಇಟ್ಟುಕೊಂಡವರು ಬೇರೆ ಏನು ಮರೆತರೂ ಪರವಾಗಿಲ್ಲ, ಈ ಜಿಡ್ಡು ಮಾತ್ರ ನೋಡಿಕೊಳ್ಳಿ. ಡೀಸೆಲ್ ಹಚ್ಚಿ ನೆನೆಯಲು ಬಿಡಿ, ಬ್ರಷ್ಷಿನಿಂದ ಉಜ್ಜಿ, ಕೊನೆಗೆ ಕಂಪ್ರೆಸರ್ ಗಾಳಿ ಹೊಡೆಯಿರಿ. ಜಿನುಗುವ ಪ್ಯಾಕಿಂಗ್ ಮೊದಲು ಬದಲಿಸಿ. ಇಲ್ಲದಿದ್ದರೆ ಮುಂದಿನ ರಾಶಿಗೆ ಮತ್ತೆ ಅದೇ ಕಥೆ.

ತಗಡಿನ ನೆಗ್ಗು ಬಡಿದು ಸರಿಮಾಡಿದೆ. ಆದರೂ ಗಡಗಡ ನಿಲ್ಲಲಿಲ್ಲ. ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಬೋಲ್ಟ್ ಕೆಳಗೆ ವಾಷರ್ ಹಾಗೆ ಇಟ್ಟಿದ್ದೇನೆ. ರಬ್ಬರ್ ಕಾದು ಹರಿದರೆ ಬದಲಿಸಬೇಕು. ಇಷ್ಟರಲ್ಲಿ ಎರಡು ಸಲ ಬದಲಿಸಿದ್ದಾಯಿತು.